ಚಾಚಾ ಓದಿದ ಏಳನೇ ಅಧ್ಯಾಯ

ಮೊನ್ನೆ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಪಕ್ಕ ಕುಳಿತವರ ಕೆನ್ನೆಯಿಂದ ಗಡ್ಡದ ಸಾಬೂನಿನ ವಾಸನೆ ಬಂತು. ಹುಮನಾಬಾದಿನ ಕ್ಷೌರದಂಗಡಿಯ ಚಾಚಾ ನೆನಪಾದರು...

ಆಗ ನಾನು ಹುಮನಾಬಾದಿನಲ್ಲಿ ಶಾಲಾ ಮಾಸ್ತರ. ನನ್ನ ಮೊದಲ ಕಾದಂಬರಿಯ ಒಂದು ಪ್ರತಿಯನ್ನು ಚಾಚಾಗೆ ಕೊಟ್ಟಿದ್ದೆ. ಅವರು ಶಾಲೆಯಲ್ಲಿ ಕಲಿತದ್ದು ಉರ್ದು. ಕನ್ನಡವನ್ನು ಅಂಗಡಿಗಳ ಬೋರ್ಡು ನೋಡಿ ಕಲಿತವರು. ಅಕ್ಷರ ಕೂಡಿಸಿ ಕೂಡಿಸಿ ದಿನಕ್ಕೊಂದು ಪುಟ ಓದುತ್ತಿದ್ದರು. ಗಿರಾಕಿ ಹೆಚ್ಚಿದ್ದರೆ ಅರ್ಧ ಪುಟ.

ಕಾದಂಬರಿಯ ಏಳನೇ ಅಧ್ಯಾಯದಲ್ಲಿ ಒಬ್ಬ ಗೌಡ ಕೆರೆಯ ಒಡ್ಡಿನ ಕಲ್ಲು ಕಿತ್ತೊಯ್ದು ಮನೆ ಕಟ್ಟಿಸುತ್ತಾನೆ. ಮಳೆಗಾಲದಲ್ಲಿ ಕೆರೆಯೂ ತನ್ನ ಕಲ್ಲು ಹುಡುಕಿಕೊಂಡು ಅವನ ಮನೆಗೇ ಬರುತ್ತದೆ. ಪಕ್ಕದ ಊರಿನ ಗೌಡರೊಬ್ಬರು ಅದು ತಾವೇ ಎಂದು ಕೆಂಡವಾದರು. ಅವರ ಕಡೆಯ ಹತ್ತು ಮಂದಿ ಬಂದು, ಆ ಅಧ್ಯಾಯ ಹರಿದುಹಾಕಿ ತಪ್ಪಾಯಿತೆಂದು ಬರೆದುಕೊಡು ಎಂದರು. ಬರೆದೇಬಿಟ್ಟೆ. ಕಾದಂಬರಿಗೆ ನಾಲ್ಕು ವರ್ಷ ಬೇಕಾಗಿತ್ತು, ಕ್ಷಮಾಪಣೆಗೆ ನಾಲ್ಕು ನಿಮಿಷ ಸಾಕಾಯಿತು.

ಕೊಡಲು ಹೋಗುವ ಮುನ್ನ ಗಡ್ಡಕ್ಕೆ ಕುಳಿತು ಚಾಚಾಗೆ ಎಲ್ಲ ಹೇಳಿದೆ. ಅವರು ನನ್ನ ಮುಖದ ತುಂಬ ನೊರೆ ಹಚ್ಚಿದರು. ಅಷ್ಟರಲ್ಲಿ ಗೌಡರೇ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತರು! ನೊರೆಯ ಮರೆಯಲ್ಲಿದ್ದ ನನ್ನ ಗುರುತು ಅವರಿಗೆ ಸಿಗಲಿಲ್ಲ.

ಚಾಚಾ ನನ್ನನ್ನು ಹಾಗೇ ಬಿಟ್ಟು, ಗೌಡರ ಒಂದು ಕೆನ್ನೆ ಬೋಳಿಸಿ ಕತ್ತಿ ಕೆಳಗಿಟ್ಟರು.

"ಗೌಡ್ರ, ಆ ಪುಸ್ತಕ ಓದೀರೇನ್ರಿ?"

"ನಾ ಯಾಕ ಓದ್ಲಿ? ಮಂದಿ ಹೇಳ್ಯಾರ."

"ನಾ ಓದಾಕತ್ತೇನ್ರಿ. ಜರಾ ಕೇಳ್ರಿ."

ಒಂದೊಂದೇ ಅಕ್ಷರ ಕೂಡಿಸುತ್ತ ಏಳನೇ ಅಧ್ಯಾಯ ಶುರುಮಾಡಿದರು. ಅರ್ಧ ಗಡ್ಡದಲ್ಲಿ ಬೀದಿಗಿಳಿಯಲಾಗದೆ ಗೌಡರು ಕೇಳಲೇಬೇಕಾಯಿತು. ಒಂದು ಸಾಲು ಮುಗಿಯುವಷ್ಟರಲ್ಲಿ ತಾಳ್ಮೆ ಕೆಟ್ಟು, ಪುಸ್ತಕ ಕಸಿದುಕೊಂಡು ತಾವೇ ಓದತೊಡಗಿದರು. ಕೆರೆ ಮನೆಗೆ ಬರುವಲ್ಲಿ ನಗುವಿಗೆ ಅವರ ಹೊಟ್ಟೆ ಕುಣಿಯಿತು.

"ಅಯ್ಯ, ಇಂವ ನಾ ಎಲ್ಲಿ ಆಗ್ತೇನಿ? ಇಂವ ನಮ್ಮ ಬೀಗ! ಥೇಟ್ ನಮ್ಮ ಬೀಗ!"

ಬೀಗರಿಗೆ ಕಳಿಸಲು ಎರಡು ಪ್ರತಿ ಬೇಕೆಂದು ಹೇಳಿ, ಇನ್ನೊಂದು ಕೆನ್ನೆಯನ್ನೂ ಬೋಳಿಸಿಕೊಂಡು ನಗುತ್ತಲೇ ಹೋದರು. ಚಾಚಾ ನನ್ನ ಜೇಬಿನಿಂದ ಕ್ಷಮಾಪಣೆ ತೆಗೆದು ನಿಧಾನವಾಗಿ ಓದಿದರು.

"ಮಾಸ್ತರ್, ಇದರಾಗ ಜೀವಾನೇ ಇಲ್ಲರಿ. ಇದು ನೀವು ಬರ್ದಿದ್ದಲ್ಲ" ಎಂದು, ಕತ್ತಿಯ ನೊರೆಯನ್ನು ಅದಕ್ಕೇ ಒರೆಸಿದರು.

ಚಾಚಾ ಹೋಗಿ ವರ್ಷಗಳಾದವು. ಅಂಗಡಿಯಿದ್ದಲ್ಲಿ ಈಗ ಮೊಬೈಲ್ ಮಾರುತ್ತಾರೆ. ಕಳೆದ ತಿಂಗಳು ಬಂದ ನನ್ನ ಹೊಸ ಕಾದಂಬರಿಗೆ ಮೂವರು ಸಿಟ್ಟಾಗಿದ್ದಾರೆ. ಮೂವರೂ ಅದನ್ನು ಓದಿಲ್ಲ. ಕೂರಿಸಿ ಓದಿಸಲು ಚಾಚಾ ಇಲ್ಲ... ಹಾಗಾಗಿ ಮೂರು ಪ್ರತಿ ಚೀಲಕ್ಕೆ ಹಾಕಿಕೊಂಡು ನಾನೇ ಹೊರಟಿದ್ದೇನೆ. ಮೊದಲನೆಯವರ ಮನೆ ಬಾಗಿಲಲ್ಲಿ ನಿಂತಿದ್ದೇನೆ. ಒಂದು ಪ್ರತಿ ಚೀಲದಿಂದ ಹೊರತೆಗೆದೆ. ಬಾಗಿಲು ಬಡಿದೆ.