ತಡೆ ಸಿಕ್ಕ ತೋಟ

ಮೊನ್ನೆ ನೆಹರು ಗಂಜ್ ಮಾರುಕಟ್ಟೆಯ ಮೂಲೆಯಲ್ಲಿ ತಳ್ಳುಗಾಡಿಯವನೊಬ್ಬ ಕಮಲಾಪುರದ ಕೆಂಪು ಬಾಳೆಹಣ್ಣು ಹರವಿಕೊಂಡು ನಿಂತಿದ್ದ. ತೊಗರಿಯ ಧೂಳಿನ ನಡುವೆಯೂ ಆ ವಾಸನೆ ಮೂಗಿಗೆ ಬಂತು. ಒಂದು ಹಣ್ಣು ಕೊಂಡೆ. ಮನೆಗೆ ತಂದು ಮೇಜಿನ ಮೇಲಿಟ್ಟೆ, ಸುಲಿಯಲು ಮನಸ್ಸಾಗಲಿಲ್ಲ. ಆಕೆಯ ನೆನಪಾಯಿತು...

ಆಗ ನಾನು ಗುಲ್ಬರ್ಗದ ಕೋರ್ಟಿನಲ್ಲಿ ನಕಲು ಬರೆಯುವ ಗುಮಾಸ್ತ. ಹೈದರಾಬಾದ್ ಸಂಸ್ಥಾನದ ಕಾಲ, ಕಾಗದಪತ್ರವೆಲ್ಲ ಉರ್ದುವಿನಲ್ಲಿ. ಅಕ್ಷರ ದುಂಡಗಿದೆ ಎಂದು ಕೆಲಸ ಸಿಕ್ಕಿತ್ತೇ ಹೊರತು ಕಾನೂನು ನನಗೆ ಅಷ್ಟಕ್ಕಷ್ಟೇ. ಆಕೆಯನ್ನು ನಾವೆಲ್ಲ ತೋಟದಾಕಿ ಎನ್ನುತ್ತಿದ್ದೆವು. ಕಮಲಾಪುರದಲ್ಲಿ ಗಂಡ ನೆಟ್ಟ ಬಾಳೆಯ ತೋಟವಿತ್ತು. ಸಂಸ್ಥಾನದ ಕೊನೆಯ ವರ್ಷಗಳ ಗದ್ದಲದಲ್ಲಿ ಯಾರದೋ ಹುಕುಂ ಮೀರಿದನೆಂದು ಅವನನ್ನು ಮನೆಯಿಂದ ಕರೆದೊಯ್ದಿದ್ದರು, ಹೆಣವೂ ಸಿಗಲಿಲ್ಲ. ಆಮೇಲೆ ಮೈದುನ ತೋಟ ತನ್ನದೆಂದು ದಾವೆ ಹೂಡಿ ಗೆದ್ದ. ಆಕೆ ಅಪೀಲಿಗೆ ಹೋದಳು. ಅಪೀಲು ತೀರ್ಮಾನವಾಗುವವರೆಗೆ ತೋಟವನ್ನು ಆಕೆಯ ಕೈಯಿಂದ ಬಿಡಿಸಬಾರದೆಂದು ಕೋರ್ಟು ತಡೆ ಕೊಟ್ಟಿತು. ಆ ಹುಕುಮಿನ ನಕಲು ಬರೆದವನು ನಾನೇ.

ಅಷ್ಟರಲ್ಲಿ ಪೊಲೀಸ್ ಆಕ್ಷನ್ ಆಗಿ ಸಂಸ್ಥಾನ ಭಾರತಕ್ಕೆ ಸೇರಿತು. ಕೋರ್ಟು ಮತ್ತೆ ತೆರೆದಾಗ ಮೋಮಿನಪುರದಲ್ಲಿದ್ದ ಆಕೆಯ ವಕೀಲರ ಮನೆಗೆ ಬೀಗ. ಎಲ್ಲಿ ಹೋದರೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಕೆ ತಡೆಯ ಕಾಗದವನ್ನು ಸೆರಗಿನಿಂದ ಬಿಚ್ಚಿ ನನ್ನ ಮುಂದೆ ಹಿಡಿದಳು. ಓದಿ ಹೇಳಿದೆ. ತೋಟಕ್ಕೆ ನೀರು ಬಿಡಬಹುದೋ, ಗೊನೆ ಕಡಿಯಬಹುದೋ ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಹೊಸ ಅಧಿಕಾರಿಗಳು ಬಂದಿದ್ದರು, ಹಳೆಯ ಗುಮಾಸ್ತರು ಒಬ್ಬೊಬ್ಬರಾಗಿ ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಿದ್ದರು. ನಾಳೆ ತಪ್ಪು ನನ್ನ ತಲೆಗೆ ಬರದಂಥ ಮಾತು ಹುಡುಕಿ ಆಡಿದೆ.

“ಫೈಸಲಾ ಆಗೋತನಕ ತ್ವಾಟಕ್ಕ ಯಾರೂ ಕೈ ಹಚ್ಚಬ್ಯಾಡ್ರಿ, ಯವ್ವಾ.”

ಹುಕುಂ ಮೀರಿದವರ ಗತಿಯನ್ನು ಆಕೆ ಕಣ್ಣಾರೆ ಕಂಡಿದ್ದಳು. ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು.

ಮೊದಲೆಲ್ಲ ಪೇಶಿಯ ದಿನ, ಅಂದರೆ ವಿಚಾರಣೆಯ ದಿನ, ಎಲೆಯಲ್ಲಿ ಸುತ್ತಿದ ಒಂದು ಕೆಂಪು ಹಣ್ಣು ತಂದು ನನ್ನ ಮೇಜಿನ ಮೇಲಿಡುತ್ತಿದ್ದಳು. ಆಮೇಲೆ ಬರಿಗೈಲಿ ಬಂದಳು. ಗೊನೆಗೆ ಕೈ ಹಚ್ಚಿಲ್ಲ, ತಪ್ಪು ತಿಳಿಯಬೇಡಿ ಎಂದು ನನ್ನನ್ನೇ ಸಮಾಧಾನ ಮಾಡಿದಳು. ಹೊಟ್ಟೆಪಾಡಿಗೆ ಬೇರೆಯವರ ಹೊಲದಲ್ಲಿ ಕಳೆ ಕೀಳಲು ಹೋಗುತ್ತಿದ್ದಳಂತೆ.

ಒಂದು ದಿನ ಮಾತಿಗೆ ಮಾತು ಬಂದು ಇದನ್ನು ಹಿರಿಯ ಗುಮಾಸ್ತರಿಗೆ ಹೇಳಿದೆ. ಅವರು ಲೇಖನಿ ಕೆಳಗಿಟ್ಟು ನನ್ನ ಮುಖ ನೋಡಿದರು. ತಡೆ ಇದ್ದದ್ದು ಗೆದ್ದ ಮೈದುನನಿಗೆ, ತೋಟದಲ್ಲಿ ಇದ್ದವಳಿಗಲ್ಲ, ಆಕೆ ಎಂದಿನಂತೆ ನೀರು ಬಿಟ್ಟು ಬೆಳೆದು ತಿನ್ನಬಹುದಿತ್ತು ಎಂದರು. ಆ ಭಾನುವಾರವೇ ಕಮಲಾಪುರಕ್ಕೆ ಹೋದೆ. ಬೇಲಿಯಾಚೆ ಗಿಡಗಳೆಲ್ಲ ಮುರಿದು ಬಿದ್ದಿದ್ದವು, ಬುಡದ ಕಂದುಗಳೂ ಒಣಗಿ ಕರಕಾಗಿದ್ದವು. ಬಾವಿಯಲ್ಲಿ ಮಾತ್ರ ನೀರು ತುಂಬಿತ್ತು. ಆಕೆ ಬೇಲಿಯ ಹೊರಗೆ ಕೂತು ದನ ಒಳಗೆ ಹೋಗದಂತೆ ಕಾಯುತ್ತಿದ್ದಳು. ನಾನು ಮರದ ಮರೆಯಲ್ಲಿ ಸ್ವಲ್ಪ ಹೊತ್ತು ನಿಂತೆ... ಮಾತಾಡಿಸದೆ ಹಿಂತಿರುಗಿದೆ. ಇಷ್ಟು ವರ್ಷವಾದರೂ ಆ ಹೇಡಿತನಕ್ಕೆ ನನ್ನ ಬಳಿ ನೆಪವಿಲ್ಲ.

ಮಳೆಗಾಲ ಕಳೆದ ಮೇಲೆ ಫೈಸಲಾ ಬಂತು. ಆಕೆ ಗೆದ್ದಿದ್ದಳು. ಕೋರ್ಟಿನಿಂದ ನೇರ ನನ್ನ ಮೇಜಿಗೆ ಬಂದು, ಚಪ್ಪಲಿ ಬಿಟ್ಟು ನಿಂತಳು.

“ಸಾಹೇಬ್ರ, ಈಗರ ನೀರ ಬಿಡ್ಲೇನ್ರಿ?”

“ಬಿಡ್ರಿ ಯವ್ವಾ,” ಎಂದೆ.

ಆಕೆ ನನಗೆ ಕೈಮುಗಿದಳು. ಕಾಗದವನ್ನು ಸೆರಗಿಗೆ ಗಂಟು ಹಾಕಿಕೊಂಡು, ಹೊತ್ತು ಮುಳುಗುವುದರೊಳಗೆ ಊರು ಸೇರಬೇಕೆಂದು ಓಡುನಡಿಗೆಯಲ್ಲಿ ಹೋದಳು. ಮತ್ತೆ ನಾನು ಆಕೆಯನ್ನು ನೋಡಲಿಲ್ಲ.

ಮೇಜಿನ ಮೇಲಿನ ಹಣ್ಣು ಈಗ ಕಪ್ಪಾಗಿದೆ. ಆಕೆ ಬದುಕಿರಲಾರಳು. ನೀರು ಬಿಡಲು ನಿನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ ತಾಯಿ, ನಾನು ಸುಳ್ಳು ಹೇಳಿದ್ದೆ ಎಂದು ಆ ದಿನ ಹೇಳಬೇಕಿತ್ತು. ಕೈಮುಗಿಸಿಕೊಂಡು ಕಳಿಸಿದೆ.