ಬೈಟು ಕುಡಿದದ್ದು ಲೆಕ್ಕಕ್ಕಿಲ್ಲವೇ?

ಓದುಗರಿಗೆಲ್ಲ ನಮಸ್ಕಾರ. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಕುಟ್ಟುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿಸಿದ್ದೇ ಮೂವತ್ತೆಂಟನೇ ವಯಸ್ಸಿಗೆ. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ವರ್ಷ ನನಗೊಂದು ಸುಸ್ತು ಹಿಡಿಯಿತು. ಎದ್ದರೂ ಸುಸ್ತು, ಕೂತರೂ ಸುಸ್ತು. ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಯಾವ ಸಾಮಾನು ತರಲು ಒಳಗೆ ಬಂದೆ ಎಂಬುದೇ ಮರೆತುಹೋಗುತ್ತಿತ್ತು. ಯಾರೋ ಇಂಟರ್‌ನೆಟ್‌ನಿಂದ ಪ್ರಿಂಟ್ ತೆಗೆದು ಕೊಟ್ಟರು, ‘ಅಡ್ರಿನಲ್ ಗ್ರಂಥಿ ದಣಿದರೆ ಹೀಗಾಗುತ್ತದೆ’ ಅಂತ. ಹೆದರಿ ಜೀವನ್ ಬಿಮಾ ನಗರದ ಡಾಕ್ಟರಮ್ಮನ ಹತ್ತಿರ ಹೋದೆ. ಜೊತೆಗೆ ನನ್ನ ಹೆಂಡತಿ ಸರೋಜ.

ರಕ್ತ, ಶುಗರ್, ಥೈರಾಯ್ಡ್ ಎಲ್ಲ ನೋಡಿದರು.

"ನಿಮ್ಮ ಗ್ರಂಥಿಗೇನೂ ಆಗಿಲ್ಲ. ನಿದ್ದೆ ಬರುತ್ತಾ?"

"ಹೊರಳಾಡ್ತೀನಿ ಮೇಡಂ."

"ಕಾಫಿ ಎಷ್ಟು ಕುಡೀತೀರಿ?"

"ಬೆಳಿಗ್ಗೆ ಒಂದೇ."

ಸರೋಜ ಬಿಟ್ಟಾಳೆಯೇ? "ಆ ಬೈಟುಗಳನ್ನ ಯಾರು ಹೇಳ್ತಾರ್ರೀ?"

"ಬೈಟು ಲೆಕ್ಕಕ್ಕಿಲ್ಲ ಕಣೇ!"

(ನೀವೇ ಹೇಳಿ, ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡರೆ ಅದೂ ಒಂದು ಕಾಫಿಯೇ?)

ಡಾಕ್ಟರಮ್ಮ ಲೆಕ್ಕ ಹಾಕಿದರು. ದಿನಕ್ಕೆ ಎಂಟು ಅರ್ಧ. "ಸ್ಕೂಲಲ್ಲಿ ಗಣಿತ ಇತ್ತು ತಾನೇ?" ಎಂದು ನಕ್ಕರು. "ಮಾತ್ರೆ ಬೇಡ. ಮಧ್ಯಾಹ್ನದ ಮೇಲೆ ಕಾಫಿ ಮುಟ್ಬೇಡಿ. ರಾಗಿ ಅಂಬಲಿ ಕುಡೀರಿ. ಸಂಜೆ ಸ್ವಲ್ಪ ನಡೀರಿ."

ಕಾಫಿ ಬಿಡುವುದೇನೋ ಆಗುತ್ತದೆ. ಸೆಲ್ವಣ್ಣನನ್ನು ಬಿಡುವುದು ಹೇಗೆ?

ಸೆಲ್ವಣ್ಣ ನಮ್ಮ ಕಾರ್ಖಾನೆಯ ಫಿಟ್ಟರ್, ಹಲಸೂರಿನವನು. ಹದಿನಾಲ್ಕು ವರ್ಷದಿಂದ ಶಿಫ್ಟ್ ಮುಗಿದ ಕೂಡಲೇ ಸರ್ಕಲ್ಲಿನ ದರ್ಶಿನಿಯಲ್ಲಿ ನಮ್ಮಿಬ್ಬರದೊಂದು ಬೈಟು. ನಾನು ಬೇಡ ಅಂದರೆ ಅವನ ಅರ್ಧಕ್ಕೂ ಕಲ್ಲು ಹಾಕಿದ ಹಾಗೆ.

ನಿಜ ಹೇಳಲು ಬಾಯಿ ಬರಲಿಲ್ಲ. "ಮನೆಗೆ ನೆಂಟರು ಬಂದವ್ರೆ" ಎಂದು ಗೇಟಿನ ಮುಂದೆಯೇ ಬಸ್ಸು ಹತ್ತಿದೆ. ಮರುದಿನವೂ ನೆಂಟರು. ಹತ್ತು ದಿನ ನೆಂಟರು! ನಿದ್ದೆ ಬರತೊಡಗಿತು. ಬಸ್ಸಿನ ಕಿಟಕಿಯಿಂದ ಮಾತ್ರ ದರ್ಶಿನಿಯ ಕಡೆ ನೋಡುತ್ತಿರಲಿಲ್ಲ.

ಹನ್ನೊಂದನೇ ದಿನ ಬಸ್ಸು ತಡವಾಗಿ ಬಂತು. ದರ್ಶಿನಿಯ ಎದುರೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿತು. ನೋಡಿಬಿಟ್ಟೆ. ಸೆಲ್ವಣ್ಣನ ಮುಂದೆ ಎರಡು ಲೋಟ. ಒಂದನ್ನು ಕುಡಿದ. ಇನ್ನೊಂದನ್ನು ಹಾಗೇ ಬಿಟ್ಟು ಕೈಚೀಲ ಎತ್ತಿಕೊಂಡ.

ಇಳಿದು ಓಡಿದೆ. (ಸುಸ್ತಿನ ಮನುಷ್ಯ!)

"ನೆಂಟರು ಹೋದ್ರಾ ಗುರು?"

"ನೆಂಟರು ಬಂದೇ ಇರ್ಲಿಲ್ಲ ಸೆಲ್ವಣ್ಣ. ಡಾಕ್ಟ್ರು ಕಾಫಿ ಬೇಡ ಅಂದವ್ರೆ."

"ಅಷ್ಟೇನಾ? ನಾನೇನ್ ತಪ್ಪು ಮಾಡ್ಬಿಟ್ನೋ ಅಂತ ಹತ್ತು ದಿನದಿಂದ ನಂಗೆ ನಿದ್ದೇನೇ ಇಲ್ವಲ್ಲೋ!"

ನನಗೆ ಬಂದ ನಿದ್ದೆ ಯಾರದು ಅಂತ ಆಗ ಗೊತ್ತಾಯಿತು.

ಊಟದ ಚೀಲದಲ್ಲಿ ಅಂಬಲಿಯ ಬಾಟಲಿ ಇತ್ತು. ಎರಡು ಲೋಟ ಕೇಳಿ ಅರ್ಧರ್ಧ ಸುರಿದೆ. ಸೆಲ್ವಣ್ಣ ಮುಖ ಸಿಂಡರಿಸಿಕೊಂಡೇ ಕುಡಿದ. "ನಾಳೆ ಉಪ್ಪು ಸರಿಯಾಗಿ ಹಾಕ್ಸು."

ಈಗ ದಿನವೂ ಅದೇ. ಆಮೇಲೆ ಒಂದು ಸ್ಟಾಪು ನಡೆದು ಬಸ್ಸು ಹತ್ತುತ್ತೇವೆ.

ಬಹಳ ದಿನದ ಸುಸ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಆಮೇಲೆ ನನಗೂ ನಾಲ್ಕು ಸಾಲು ಬರೆಯಿರಿ: ನಿಮ್ಮ ಬೈಟುವಿನ ಇನ್ನರ್ಧ ಯಾರು ಕುಡಿಯುತ್ತಾರೆ, ಅವರಿಗೆ ನಿದ್ದೆ ಬರುತ್ತಿದೆಯೇ?