ಹಿಂದುಮುಂದಾದ ಬೈಟು, ದೊಡ್ಡಮ್ಮನ ಹಾಡು

ಹೋದ ಭಾನುವಾರ ಮಧ್ಯಾಹ್ನ ನಮ್ಮ ಮಹಡಿಯ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಶಶಿಕಲಾ ದಡದಡ ಮೆಟ್ಟಿಲಿಳಿದು ಬಂದು ಬಾಗಿಲು ತಟ್ಟಿದಳು. "ಆಂಟಿ, ನಿಮ್ ಮಿಕ್ಸಿ ಕೆಟ್ಟೋಗಿದ್ಯಾ? ಆಫ್ ಮಾಡಿ ಮೊದ್ಲು!"

ಅದು ಮಿಕ್ಸಿ ಆಗಿರಲಿಲ್ಲ. ನಮ್ಮ ದೊಡ್ಡಮ್ಮ ಹಾಡುತ್ತಿದ್ದರು.

ನಗಬೇಡಿ, ಪೂರ್ತಿ ಕೇಳಿ. (ಈ ಹುಡುಗಿ ನನ್ನನ್ನು 'ಆಂಟಿ' ಅನ್ನುವುದು ನನಗೆ ಒಂಚೂರೂ ಇಷ್ಟವಿಲ್ಲ. 'ಅಕ್ಕ' ಅನ್ನಬಹುದಿತ್ತು. ಆದರೆ ಈ ವಾರ ಅವಳು ಏನೆಂದು ಕರೆದರೂ ಓಗೊಡುತ್ತೇನೆ.)

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ, ಗಂಗಮ್ಮ. ಮನೆ ಕುಣಿಗಲ್ಲಿನಲ್ಲಿ, ಹುಟ್ಟಿದ್ದು ಹುತ್ರಿದುರ್ಗದ ಬುಡದ ಊರಿನಲ್ಲಿ. ಒಂದು ಕಾಲದಲ್ಲಿ ಆ ಸುತ್ತಿನಲ್ಲಿ ಯಾವ ಮನೆಯ ಅರಿಶಿನ ಶಾಸ್ತ್ರವಾದರೂ ದೊಡ್ಡಮ್ಮ ಬಂದು ಪದ ಎತ್ತುವವರೆಗೆ ಮದುಮಗಳ ಕೆನ್ನೆಗೆ ಅರಿಶಿನ ತಾಕುತ್ತಿರಲಿಲ್ಲ. ಹೊಸಿಲಾಚೆ ನಿಂತವರಿಗೂ ಕೇಳಿಸುವಂಥ ದನಿ. ಮೈಕು ಗೀಕು ಏನೂ ಬೇಕಿರಲಿಲ್ಲ. ಎದುರು ಕುಳಿತ ಹೆಂಗಸರು ಪ್ರತಿ ನುಡಿಯ ಕೊನೆಯ ಸಾಲು ಹಿಡಿದು 'ಸೋ' ಎಂದು ಸೋಬಾನೆಗೆ ದನಿಗೂಡಿಸುತ್ತಿದ್ದರು. ಮಿಕ್ಕಿದ್ದೆಲ್ಲ ದೊಡ್ಡಮ್ಮನದೇ, ಬೇರೆ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಮಾತೆಲ್ಲ ಪಿಸುಪಿಸು. ಪಕ್ಕದಲ್ಲಿ ಕೂತವರಿಗಷ್ಟೇ ಕೇಳಿಸುತ್ತದೆ.

ಮುಂದಿನ ತಿಂಗಳು ಅವರ ಮೊಮ್ಮಗಳು ಚೈತ್ರಾಳ ಮದುವೆ. ಚೈತ್ರಾ ಛತ್ರದ ಬಗ್ಗೆ ತಕರಾರು ತೆಗೆಯಲಿಲ್ಲ, ಸೀರೆಯ ಬಗ್ಗೆ ತೆಗೆಯಲಿಲ್ಲ, ಊಟದ ಮೆನುವಿನಲ್ಲಿ ಗೋಬಿ ಮಂಚೂರಿ ಇಲ್ಲ ಅಂದಾಗಲೂ ಸುಮ್ಮನಿದ್ದಳು. ಒಂದೇ ಹಟ. "ಅರಿಶಿನ ಶಾಸ್ತ್ರಕ್ಕೆ ಅಜ್ಜಿ ಪದಾನೇ ಬೇಕು. ಅಮ್ಮನ ಮದ್ವೇಲಿ ಹಾಡಿದ್ರಲ್ಲ, ಅದೇ ಪದ. ಹೇಳ್ಕೊಡ್ಲಿ, ನಾನೇ ಕಲ್ತು ಹಾಡ್ತೀನಿ."

ಹೇಳಿಕೊಡುವುದು ತಾನೇ? ಪಿಸುದನಿಯಲ್ಲಿ ಪದ ಹೇಳಿದರೆ ಬರೆದುಕೊಂಡರಾಯಿತು ಅಂತ ನಾವೂ ಅಂದುಕೊಂಡೆವು. ದೊಡ್ಡಮ್ಮ ಶುರುಮಾಡಿದರು. ಎರಡನೇ ಸಾಲಿಗೆ ನಿಂತರು. ಮತ್ತೆ ಶುರು, ಮತ್ತೆ ಅಲ್ಲೇ ನಿಂತರು.

"ರಾಗ ಎತ್ತದೆ ಪದ ಬರಾಕಿಲ್ಲ ಕಣ್ ಮಗ" ಅಂದವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಿಮಗೆ ಇದು ವಿಚಿತ್ರ ಅನ್ನಿಸುತ್ತದೆಯೇ? ಹಾಗಿದ್ದರೆ ಹದಿನೇಳರ ಮಗ್ಗಿಯನ್ನು ಒಂಚೂರೂ ರಾಗ ಎಳೆಯದೆ ಹೇಳಿ ನೋಡಿ. ಹದಿನೇಳ್ ಆರ್ಲಿಗೆ ಬರುವಷ್ಟರಲ್ಲಿ ನಿಮ್ಮ ತಲೆ ತಾನಾಗಿ ಅಲ್ಲಾಡದಿದ್ದರೆ ಹೇಳಿ. ದೊಡ್ಡಮ್ಮನ ಪದ ಇದ್ದದ್ದು ನೆನಪಿನಲ್ಲಲ್ಲ, ಗಂಟಲಿನಲ್ಲಿ. ಆ ಗಂಟಲೇ ಹೋದ ಮೇಲೆ ಎಲ್ಲಿ ಹುಡುಕುವುದು?

ಆಗ ನೆನಪಾದದ್ದು ಚಿಕ್ಕಪ್ಪ. ದೊಡ್ಡಮ್ಮನ ತಂಗಿಯ ಗಂಡ, ಈಗಿಲ್ಲ. ತುಮಕೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದರು. ಚೈತ್ರಾಳ ಅಮ್ಮನ ಲಗ್ನಪತ್ರಿಕೆ ಮಾಡಿಸಲು ದೊಡ್ಡಮ್ಮ ಅಂಗಡಿಗೆ ಹೋಗಿದ್ದಾಗ, ಹೊಸದಾಗಿ ತಂದ ಕಂಪ್ಯೂಟರಿನಲ್ಲಿ ದನಿಯನ್ನೂ ಹಿಡಿಯಬಹುದು ಅಂತ ತೋರಿಸುವ ಹುರುಪಿನಲ್ಲಿ ಅವರ ಮುಂದೆ ಮೈಕು ಹಿಡಿದು ಆ ಪದವನ್ನು ಹಾಡಿಸಿದ್ದರಂತೆ. ಹಾಡಿಸಿದವರು ಅದನ್ನು ಕೇಳಿಸಬೇಕಲ್ಲ? ಅಷ್ಟರಲ್ಲಿ ಕರೆಂಟು ಹೋಯಿತು, ದೊಡ್ಡಮ್ಮ ಕುಣಿಗಲ್ ಬಸ್ಸು ಹಿಡಿದರು. ಆಮೇಲೆ ಮದುವೆ ಗಡಿಬಿಡಿ. ಅಲ್ಲಿಗೆ ಎಲ್ಲರೂ ಮರೆತರು.

ನಾನು ಗುಬ್ಬಿಗೆ ಹೋಗಿ ಚಿಕ್ಕಮ್ಮನ ಮನೆಯ ಅಟ್ಟ ಹತ್ತಿದೆ. ಅಂಗಡಿ ಮುಚ್ಚುವಾಗ ಚಿಕ್ಕಪ್ಪ ಎಲ್ಲವನ್ನೂ ಸಿಡಿಗೆ ಹಾಕಿಸಿದ್ದರು. ಆದರೆ ಸಿಡಿಗಳೆಲ್ಲಿ? "ಅಯ್ಯೋ, ಅವಾ? ಸಪೋಟ ಗಿಡಕ್ಕೆ ಕಟ್ಟಿದೀನಿ ಕಣೇ. ಪಳಪಳ ಅಂತವೆ, ಗಿಳಿ ಬರಲ್ಲ" ಅಂದರು ಚಿಕ್ಕಮ್ಮ. ನಾನು ಹಿತ್ತಲಿಗೆ ಓಡಿದೆ. ಗಿಡದಲ್ಲಿ ನೇತಾಡುತ್ತಿದ್ದವೆಲ್ಲ ಬಿಸಿಲಿಗೆ ಸುಟ್ಟು ಸಿಪ್ಪೆ ಎದ್ದಿದ್ದವು. ಪುಣ್ಯಕ್ಕೆ, 'ಗಂಗಕ್ಕನ ಪದ' ಅಂತ ಚಿಕ್ಕಪ್ಪ ಬರೆದಿದ್ದ ಸಿಡಿಯನ್ನು ಮಾತ್ರ ಚಿಕ್ಕಮ್ಮ ಕಟ್ಟಿರಲಿಲ್ಲ. ಅಕ್ಕನ ಹೆಸರು ನೋಡಿ ಮನಸ್ಸು ಬರಲಿಲ್ಲವಂತೆ.

ಸಿಡಿ ತೆರೆದುಕೊಂಡಿತು. ಅದರಲ್ಲಿ ಒಂದು ಫೈಲೂ ಇತ್ತು. ಆದರೆ ನನ್ನ ಲ್ಯಾಪ್‌ಟಾಪು 'ಇದು ಏನೋ ನನಗೆ ಗೊತ್ತಿಲ್ಲ' ಅಂತ ಕೈ ಎತ್ತಿತು. ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವ ಸ್ಟುಡಿಯೊಗೆ ಒಯ್ದೆ. ಅಲ್ಲಿನ ಮಂಜುನಾಥ ಬಹಳ ಒಳ್ಳೆಯ ಮನುಷ್ಯ. ಯಾವುದೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಅದನ್ನು ಬಲವಂತವಾಗಿ ತೆರೆದ. ಸ್ಪೀಕರಿನಿಂದ 'ಸೊರ್ರ್‌ರ್‌ರ್' ಅಂತ ಕಿವಿ ಸೀಳುವ ಸದ್ದು. ಅದು ಇದು ಫಿಲ್ಟರ್ ಹಾಕಿದ. ಸೊರ್ರ್ ಹೋಗಿ ಗೊರ್ರ್ ಆಯಿತು.

"ಫೈಲ್ ಕೆಟ್ಟೋಗಿದೆ ಮೇಡಂ. ಬುಡಿ, ಆನ್‌ಲೈನಲ್ಲಿ ಬೇಕಾದಷ್ಟು ಅರಿಶಿನದ್ ಸಾಂಗ್ ಅವೆ. ಡಿಜೆ ಮಿಕ್ಸ್ ಮಾಡ್ಕೊಡ್ತೀನಿ" ಅಂದ. ಆ ಸೊರ್ರ್ ಸದ್ದನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಜೋಲು ಮುಖ ಹಾಕಿಕೊಂಡು ಬಂದೆ.

ಭಾನುವಾರ ದೊಡ್ಡಮ್ಮ ಮತ್ತು ಚೈತ್ರಾ ರವಿಕೆ ಹೊಲಿಯಲು ಕೊಡಲೆಂದು ತುಮಕೂರಿನ ನಮ್ಮ ಮನೆಗೆ ಬಂದಿದ್ದರು. ಊಟ ಆಯಿತು. ಫೈಲು ಕೆಟ್ಟಿರುವ ಸುದ್ದಿ ಹೇಳಿದೆ. ಚೈತ್ರಾಳ ಮುಖ ಸಣ್ಣದಾಯಿತು. ದೊಡ್ಡಮ್ಮ ಮಾತ್ರ ನನ್ನ ಮೊಣಕೈ ಹಿಡಿದು, "ಕೆಟ್ಟಿರದ್ನೇ ಒಂದ್ಸಲ ಕೇಳ್ಸು" ಅಂದರು.

ನನ್ನ ಗಂಡನ ದೊಡ್ಡ ಸ್ಪೀಕರಿಗೆ ಹಾಕಿದೆ. ಮೇಲಿನ ಮನೆಗೆ ಮಿಕ್ಸಿಯಂತೆ ಕೇಳಿಸಿದ್ದು ಇದೇ. ಶಶಿಕಲಾ ಬಂದು ಬಾಗಿಲಲ್ಲಿ ನಿಂತಾಗ ನಾನು ಆಫ್ ಮಾಡಲು ಕೈ ಚಾಚಿದೆ. ದೊಡ್ಡಮ್ಮ ನನ್ನ ಕೈ ತಡೆದರು. ಅವರ ಕಣ್ಣು ಮುಚ್ಚಿತ್ತು. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಸದ್ದು ಎಲ್ಲೋ ಕೊಂಚ ತಗ್ಗಿದ ಕಡೆ ಬೆರಳು ನಿಲ್ಲುತ್ತಿತ್ತು, ಮತ್ತೆ ಏರಿದ ಕೂಡಲೇ ಹೊರಡುತ್ತಿತ್ತು.

"ನಾನೇ ಕಣವ್ವ ಇದು" ಅಂತ ಪಿಸುಗುಟ್ಟಿದರು. "ಇಲ್ಲಿ ಉಸ್ರು ತಗಂಡಿವ್ನಿ. ಇಗಾ, ಇಲ್ಲಿ ತಿರ್ಗ."

ನನಗೆ ಕೇಳಿಸಿದ್ದು ಸೊರ್ರ್ ಒಂದೇ. ಪಾಪ, ಆಸೆಗೆ ಹಾಗನ್ನಿಸುತ್ತಿದೆ ಅಂದುಕೊಂಡೆ. ಆದರೆ ಬಾಗಿಲಲ್ಲಿದ್ದ ಶಶಿಕಲಾ ಚಪ್ಪಲಿ ಬಿಟ್ಟು ಒಳಗೆ ಬಂದಳು. "ಇನ್ನೊಂದ್ಸಲ ಹಾಕಿ ಆಂಟಿ. ಅಜ್ಜಿ ಹೇಳ್ತಿರೋದು ನಿಜ. ಗ್ಯಾಪ್ ಇದೆ. ಕೆಟ್ಟ ಫೈಲು ಹಿಂಗೆ ಉಸಿರು ತಗೊಳಲ್ಲ."

ಕ್ಯಾತ್ಸಂದ್ರದಲ್ಲಿ ಬೆಳೆದ ಈ ಹುಡುಗಿ ಬೋರ್‌ವೆಲ್ ಪಂಪಿನ ಕಂಟ್ರೋಲರ್ ಮಾಡುವ ಸಣ್ಣ ಕಂಪನಿಯಲ್ಲಿ ಇಂಜಿನಿಯರು. ಬೇರೆ ಬೇರೆ ಜಾತಿಯ ಚಿಪ್ಪುಗಳು ಒಂದಕ್ಕೊಂದು ಮಾತಾಡುವಂತೆ ಮಾಡುವುದು ಅವಳ ಕೆಲಸ. (ನಮ್ಮ ಮನೆಯ ಮೋಟರು ಆನ್ ಮಾಡಿ ಆಫ್ ಮಾಡಲು ಮರೆಯುವುದೂ ಅವಳೇ. ಇರಲಿ.) ಸಿಡಿ ಇಸಕೊಂಡು, ತನ್ನ ಲ್ಯಾಪ್‌ಟಾಪ್ ತಂದು ಚಾಪೆಯ ಮೇಲೆ ಕೂತಳು. ಪರದೆಯ ತುಂಬ ಅಂಕಿ ಅಕ್ಷರಗಳ ಸಾಲು. ಚಿಕ್ಕಪ್ಪನ ಕಂಪ್ಯೂಟರ್ ಯಾವುದಿತ್ತು ಅಂತ ಕೇಳಿದಳು. ಅಚ್ಚಿಗೆ ಪೇಜ್ ಜೋಡಿಸುವವರು ಆಗ ಇಟ್ಟುಕೊಳ್ಳುತ್ತಿದ್ದ, ನಮ್ಮೆಲ್ಲರ ಕಂಪ್ಯೂಟರಿಗಿಂತ ಬೇರೆಯದೇ ಥರದ್ದು ಅಂದೆ. ಅವಳ ಹುಬ್ಬು ಮೇಲೇರಿತು.

"ಕೆಟ್ಟಿಲ್ಲ ಆಂಟಿ. ಹಿಂದುಮುಂದಾಗಿದೆ ಅಷ್ಟೇ."

ಅವಳು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕಂಪ್ಯೂಟರು ದನಿಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುತ್ತದೆ. ಆ ಸಂಖ್ಯೆ 'ಬೈಟು' ಅನ್ನುವ ಒಂದು ಪುಟ್ಟ ಡಬ್ಬಿಯಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಎರಡು ಬೈಟು. ಒಂದರಲ್ಲಿ ದೊಡ್ಡ ಪಾಲು, ಇನ್ನೊಂದರಲ್ಲಿ ಚಿಲ್ಲರೆ ಪಾಲು. ಕೆಲವು ಕಂಪ್ಯೂಟರಿನ ಚಿಪ್ಪುಗಳು ದೊಡ್ಡದನ್ನು ಮೊದಲು ಇಡುತ್ತವೆ, ಕೆಲವು ಚಿಲ್ಲರೆಯನ್ನು ಮೊದಲು ಇಡುತ್ತವೆ. ಚಿಕ್ಕಪ್ಪನದು ಒಂದು ಥರ, ಈಗಿನ ಲ್ಯಾಪ್‌ಟಾಪು ಇನ್ನೊಂದು ಥರ. ಅದು ಒಂದು ಅಂತ ಬರೆದದ್ದನ್ನು ಇದು ಇನ್ನೂರೈವತ್ತಾರು ಅಂತ ಓದುತ್ತದೆ. ಎಲ್ಲ ಸಂಖ್ಯೆಗೂ ಇದೇ ಗತಿ. ಹಾಡು ಸೊರ್ರ್ ಅನ್ನದೆ ಇನ್ನೇನಂದೀತು?

ನಾನಿನ್ನೂ ಬಾಯಿ ಬಿಟ್ಟುಕೊಂಡು ಕೂತಿದ್ದೆ. ದೊಡ್ಡಮ್ಮ ತಲೆಯಾಡಿಸಿ, "ಸೇರಿನ್ ಜಾಗ್ದಾಗೆ ಪಾವು, ಪಾವಿನ್ ಜಾಗ್ದಾಗೆ ಸೇರು ಅನ್ನು. ಒಂದ್ ಸೇರು ಮೂರ್ ಪಾವು ಅಂದಿದ್ನ ಮೂರ್ ಸೇರು ಒಂದ್ ಪಾವು ಅಂತ ಸುರುದ್ರೆ ಅಡ್ಗೆ ಹೆಂಗಾದದು" ಅಂದರು. ಶಶಿಕಲಾ ಚಪ್ಪಾಳೆ ತಟ್ಟಿದಳು. "ಸೂಪರ್ ಅಜ್ಜಿ! ನಮ್ ಆಫೀಸಲ್ಲಿ ಹೊಸಬ್ರಿಗೆ ಇನ್ಮೇಲೆ ಹಿಂಗೇ ಹೇಳ್ಕೊಡ್ತೀನಿ."

"ಅಲ್ಲಮ್ಮ, ಇಬ್ಬರಲ್ಲಿ ಯಾರು ಮಾಡಿದ್ದು ತಪ್ಪು?" ಅಂದೆ. ತಪ್ಪು ಯಾರದು ಅಂತ ಗೊತ್ತಾಗದೆ ನನಗೆ ಕಾಫಿ ಸೇರುವುದಿಲ್ಲ.

"ಯಾರ್ದೂ ಅಲ್ಲ ಆಂಟಿ, ಎರಡು ಕ್ರಮಾನೂ ಸರಿ. ಯಾವ ಕ್ರಮದಲ್ಲಿ ಬರೆದಿದೀನಿ ಅಂತ ಫೈಲಿನ ತಲೇಲಿ ಒಂದ್ ಮಾತು ಹೇಳ್ಬೇಕು. ಇದ್ರಲ್ಲಿ ಆ ತಲೆನೇ ಇಲ್ಲ. ಹೇಳ್ದೆ ಬಿಟ್ಟಿದ್ದೇ ತಪ್ಪು."

ಅವಳ ಕೆಲಸವೂ ಇದೇ ಅಂತೆ. ಬಾವಿಯ ಆಳದಲ್ಲಿರುವ ಸೆನ್ಸರಿನ ಚಿಪ್ಪು ಒಂದು ಥರ, ಪಂಪ್‌ಹೌಸಿನದು ಇನ್ನೊಂದು, ರೈತನ ಕೈಯ ಫೋನು ಮತ್ತೊಂದು. ದಾರಿಯಲ್ಲಿ ಎಲ್ಲರಿಗೂ ಒಂದೇ ಕ್ರಮ ಅಂತ ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಕಳಿಸುವವರು ಆ ಕ್ರಮಕ್ಕೆ ಜೋಡಿಸಿ ಕಳಿಸುತ್ತಾರೆ, ಪಡೆದವರು ತಮ್ಮ ಮನೆಯ ಕ್ರಮಕ್ಕೆ ತಿರುಗಿಸಿಕೊಳ್ಳುತ್ತಾರೆ. ಯಾರೂ ತಮ್ಮ ಪದ್ಧತಿ ಬಿಡಬೇಕಿಲ್ಲ. "ಸರಿಯಾಗಿ ಮಾಡಿದ್ರೆ ಯಾರಿಗೂ ಗೊತ್ತೇ ಆಗಲ್ಲ" ಅಂತ ನಕ್ಕಳು. ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ. ನಮ್ಮ ಕುಟುಂಬದ ಎರಡು ಕವಲುಗಳು ಎಲೆಯಲ್ಲಿ ಉಪ್ಪು ಮೊದಲೋ ಪಾಯಸ ಮೊದಲೋ ಅಂತ ಇವತ್ತಿಗೂ ಮಾತು ಬಿಟ್ಟಿವೆ. ಚಿಪ್ಪುಗಳಿಗೆ ಇರುವ ಬುದ್ಧಿ ನಮಗೇಕೆ ಇಲ್ಲ?

ಶಶಿಕಲಾ ಪರದೆಯಲ್ಲಿ ಒಂದು ಕಡೆ ಕ್ಲಿಕ್ ಮಾಡಿ ಕ್ರಮ ಬದಲಿಸಿದಳು. ಪ್ಲೇ ಒತ್ತಿದಳು.

ಸೊರ್ರ್ ಮಾಯ. ಅದರ ಜಾಗದಲ್ಲಿ ಕೀಚಲು ದನಿಯ ಪುಟ್ಟ ಮಗುವೊಂದು ಓಡೋಡಿಕೊಂಡು ಹಾಡುತ್ತಿತ್ತು.

"ಯಾರ್ದವ್ವ ಈ ಕೂಸು?" ಅಂತ ದೊಡ್ಡಮ್ಮ ಕಣ್ಣರಳಿಸಿದರು. ಚೈತ್ರಾ ಬಿದ್ದು ಬಿದ್ದು ನಕ್ಕಳು. "ತಡೀರಿ ತಡೀರಿ, ವೇಗ ತಪ್ಪಾಗಿದೆ" ಅಂತ ಶಶಿಕಲಾ ಇನ್ನೊಂದು ಸಂಖ್ಯೆ ತಿದ್ದಿ ಮತ್ತೆ ಒತ್ತಿದಳು.

ಆಮೇಲೆ ಯಾರೂ ನಗಲಿಲ್ಲ.

'ಅತ್ತಿಗೆ ಬರದೇನೆ ಅರಿಶಿನ ಏರದು, ಬಾಗಿಲಿಗೆ ಕಣ್ಣಿಟ್ಟಳು ನಮ್ಮ ಮಗಳು.' ತುಂಬಿದ ಕೊಡದಂಥ ದನಿ. ಅದೇ ದೊಡ್ಡಮ್ಮ. ನಾನು ಲಂಗ ಹಾಕಿಕೊಂಡು ಮದುವೆ ಮನೆಗಳಲ್ಲಿ ನಿದ್ದೆ ಹೋಗುತ್ತಿದ್ದುದು ಈ ದನಿಗೇ. ಹಿಂದೆ ಎಲ್ಲೋ ಚಿಕ್ಕಪ್ಪನ ಅಂಗಡಿಯ ಫ್ಯಾನು ಕಿರಗುಡುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿದ್ದರೂ ಯಾರೂ ಏಳಲಿಲ್ಲ.

ನೋಡಿದರೆ ದೊಡ್ಡಮ್ಮನ ತುಟಿ ಅಲ್ಲಾಡುತ್ತಿತ್ತು. ರಾಗ ಮುಂದೆ ಹೋದ ಹಾಗೆ, ಬಾರದೆ ನಿಂತಿದ್ದ ಪದ ಒಂದೊಂದಾಗಿ ಪಿಸುದನಿಯಲ್ಲಿ ಹೊರಬರುತ್ತಿತ್ತು. ಮೈಕು ಸರಿಯಾಗಿ ಹಿಡಿಯದ ಕಡೆಯಲ್ಲೂ ಅವರ ತುಟಿ ನಿಲ್ಲಲಿಲ್ಲ. ಚೈತ್ರಾ ಒಂದು ಕಿವಿಯನ್ನು ಸ್ಪೀಕರಿಗೂ ಇನ್ನೊಂದನ್ನು ಅಜ್ಜಿಯ ಬಾಯಿಗೂ ಕೊಟ್ಟು ಕೂತಳು. ಸಂಜೆಯೊಳಗೆ ಅವಳು ಅರ್ಧ ಪದ ಹಾಡುತ್ತಿದ್ದಳು. ಶ್ರುತಿ ಅಷ್ಟಕ್ಕಷ್ಟೇ. ಕಲಿಯುತ್ತಾಳೆ ಬಿಡಿ, ಇನ್ನೂ ತಿಂಗಳಿದೆ.

ನನ್ನ ಮನಸ್ಸು ಮಾತ್ರ 'ಕೆಟ್ಟೋಗಿದೆ' ಅನ್ನುವ ಮಾತಿನಲ್ಲೇ ಸಿಕ್ಕಿಕೊಂಡಿತ್ತು. ಎಷ್ಟು ಸಲೀಸಾಗಿ ಅನ್ನುತ್ತೇವೆ! ಮಂಜುನಾಥ ಅಂದ, ನಾನು ನಂಬಿದೆ. ಅರ್ಥವಾಗದ್ದೆಲ್ಲ ನಮಗೆ ಕೆಟ್ಟದ್ದೇ. ಈ ಹುಡುಗಿ ಮಾತ್ರ, ಒಳಗೆ ಏನೋ ಇದೆ, ಬರೆದವರು ಯಾವ ಕ್ರಮದಲ್ಲಿ ಬರೆದಿರಬಹುದು ಅಂತ ಯೋಚಿಸಿದಳು. ಈ ಗುಣಕ್ಕೆ ಬಾಡಿಗೆಯಲ್ಲಿ ಎಷ್ಟು ಕಡಿಮೆ ಮಾಡಬಹುದೋ ಅಷ್ಟೂ ಮಾಡೋಣ ಅಂತ ನನ್ನ ಗಂಡನೇ ಹೇಳಿದರು. (ಅವರು ಹೀಗೆ ಹೇಳುವುದು ಬಲು ಅಪರೂಪ.)

ಹೊರಡುವ ಮೊದಲು ಶಶಿಕಲಾ ಹೊಸ ಫೈಲು ಮಾಡಿ, ಈ ಸಲ ಅದಕ್ಕೆ ಸರಿಯಾಗಿ ತಲೆ ಕೂರಿಸಿ, ಎಲ್ಲರ ಫೋನಿಗೂ ಕಳಿಸಿದಳು. ಇನ್ನು ಯಾವ ಮೆಷಿನ್ನು ಓದಿದರೂ ದೊಡ್ಡಮ್ಮ ದೊಡ್ಡಮ್ಮನೇ ಆಗಿ ಕೇಳಿಸುತ್ತಾರಂತೆ. ದೊಡ್ಡಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅವಳ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡರು. ಇನ್ನೊಂದು ಸಲ ಹಾಕು ಅಂತ ಸನ್ನೆ ಮಾಡಿ, ಕೊನೆಯವರೆಗೂ ಕೇಳಿ, ನಮ್ಮೆಲ್ಲರ ಮುಖವನ್ನು ಒಬ್ಬೊಬ್ಬರದಾಗಿ ನೋಡಿದರು. ಅದೆಷ್ಟೋ ಮದುವೆಗಳಲ್ಲಿ ಹಾಡಿದ ಆ ಹೆಂಗಸು ತನ್ನ ದನಿಯನ್ನು ತಾನು ಕೇಳಿದ್ದು ಅವತ್ತೇ ಮೊದಲು.

"ಇಷ್ಟ್ ಚೆನ್ನಾಗ್ ಹಾಡ್ತಿದ್ನೇನವ್ವ ನಾನು? ಯಾರೂ ಒಂದ್ ಮಾತ್ ಹೇಳ್ಲಿಲ್ವಲ್ಲ."

'ಹೇಳದೆ ಬಿಟ್ಟದ್ದೇ ತಪ್ಪು' ಅಂತ ಶಶಿಕಲಾ ಅಂದದ್ದು ಬರೀ ಫೈಲಿನ ವಿಷಯ ಅಂತ ನಾನು ಅಲ್ಲಿಯವರೆಗೂ ಅಂದುಕೊಂಡಿದ್ದೆ.